ಕಿಟಕಿಯಲ್ಲಿ ಎದ್ದ ಕೈ

ಹಲ್ಲಿನ ಕ್ಲಿನಿಕ್ಕಿನಿಂದ ಕಾಂಪೌಂಡರ್ ಮನೆಗೆ ತಂದದ್ದು ಒಂದೇ ಒಂದು ರಬ್ಬರ್ ಕೈಗವಸು. ಅದೂ ಡಾಕ್ಟರನ್ನು ಕೇಳಿಯೇ.

ಹಿತ್ತಲಿನ ಪ್ಲಮ್ ಗಿಡ ಆರು ವರ್ಷ ಬರೀ ಎಲೆ ತೋರಿಸಿ, ಈ ಸಲ ಕೊಂಬೆ ಬಾಗುವಷ್ಟು ಹಣ್ಣು ಬಿಟ್ಟಿತ್ತು. ಹೆಂಡತಿ ತವರಿಗೆ ಹೋದ ವಾರ ಅವನು ವೈನ್ ಮಾಡಲೆಂದು ಹಣ್ಣು ಕಿವುಚಿ, ಸಕ್ಕರೆ, ಯೀಸ್ಟ್ ಬೆರೆಸಿ, ಬಕೆಟ್ಟನ್ನು ನಾಲ್ಕು ದಿನ ಮಂಚದ ಕೆಳಗೆ ಬಚ್ಚಿಟ್ಟ. ಬಚ್ಚಿಟ್ಟದ್ದು ಷಡ್ಡಕನಿಂದ. ಮೂರು ದಿನಕ್ಕೆಂದು ಬಂದ ಆ ಮಹಾಶಯ ಮಹಡಿಯ ಕೋಣೆಯಲ್ಲಿ ಮೂರು ತಿಂಗಳಿಂದ ಬೇರು ಬಿಟ್ಟಿದ್ದ.

ಅಂತೂ ಆ ಬೆಳಿಗ್ಗೆ ಷಡ್ಡಕ ಮೊದಲ ಬಸ್ಸು ಹತ್ತಿದ. ಕಾಂಪೌಂಡರ್ ಸಿಳ್ಳೆ ಹಾಕುತ್ತ ರಸ ಸೋಸಿ ಗಾಜಿನ ಜಾಡಿಗೆ ಸುರಿದ. ಗಾಳಿ ಹೋಗಲೆಂದು ಕೈಗವಸಿನ ಒಂದು ಬೆರಳಿಗೆ ಸೂಜಿ ಚುಚ್ಚಿ, ಅದನ್ನು ಜಾಡಿಯ ಬಾಯಿಗೆ ತೊಡಿಸಿದ. ಖಾಲಿಯಾದ ಮಹಡಿ ಕೋಣೆಯ ತೆರೆದ ಕಿಟಕಿಯಲ್ಲಿ, ಅರ್ಧ ಪರದೆಯ ಹಿಂದೆ ಜಾಡಿಯಿಟ್ಟು, ಮನೆಗೆ ಬೀಗ ಹಾಕಿ ಕೆಲಸಕ್ಕೆ ಹೋದ.

ಹನ್ನೊಂದರ ಹೊತ್ತಿಗೆ ಕೈಗವಸು ಉಬ್ಬಿತು. ಪರದೆಯ ಮೇಲ್ಗಡೆ ಐದು ಬೆರಳು ಎದ್ದು ನಿಂತವು.

ಎದುರು ಮನೆಯ ಟೈಲರಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತಿ, ಷಡ್ಡಕ ಕೈ ಬೀಸುತ್ತಿದ್ದಾನೆಂದು ತಾನೂ ಬೀಸಿದಳು. ಅಂಗಿಯ ಎರಡು ತೋಳು ಹೊಲಿದು ನೋಡಿದರೂ ಕೈ ಇಳಿದಿರಲಿಲ್ಲ. ಕೆಳಗೆ ನೋಡಿದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರನ್ನು ಕರೆದಳು.

"ನೋಡಿ ಸಾರ್, ಕೈ ಹೇಗೆ ಬಿಳಚಿಕೊಂಡಿದೆ."

"ಷಡ್ಡಕರಿಬ್ಬರಿಗೂ ಮೊದಲಿಂದ ಆಗಿಬರಲ್ಲಮ್ಮ," ಎಂದ ಮೇಷ್ಟ್ರು, ಡ್ರಿಲ್ ಮಾಡಿಸುವ ಗಂಟಲಿನಲ್ಲಿ ಕೂಗಿದರು: "ನಿಮ್ಮನ್ನ ಕೂಡಿಹಾಕಿದ್ರೆ ಕೈ ಆಡಿಸಿ."

ಗಾಳಿ ಬೀಸಿತು. ಕೈ ಆಡಿತು.

ಮೇಷ್ಟ್ರು ಷಡ್ಡಕನಿಗೆ ಫೋನು ಮಾಡಿದರು, ಮಾಡುತ್ತಲೇ ಇದ್ದರು. ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಜಾಡಿ ಉಕ್ಕಿ, ರಸ ಕಿಟಕಿಯಿಂದ ಗೋಡೆಯ ಮೇಲೆ ಕೆಂಪಗೆ ಇಳಿಯತೊಡಗಿತು. ಟೈಲರಮ್ಮ ಅಲ್ಲೇ ಕುಸಿದು ಕೂತಳು.

ಕ್ಲಿನಿಕ್ಕಿನಲ್ಲಿ ಯಾರದೋ ದವಡೆ ಹಿಡಿದು ನಿಂತಿದ್ದ ಕಾಂಪೌಂಡರಿಗೆ ಸುದ್ದಿ ಬಂತು: ಪೊಲೀಸರು ಮನೆಯ ಬೀಗ ಒಡೆಯುತ್ತಿದ್ದಾರೆ. ಅವನು ಏಪ್ರನ್ನಿನಲ್ಲೇ ಓಡಿದ. ಏಪ್ರನ್ನಿನ ಮೇಲೆ ನಾಲ್ಕು ಹನಿ ರಕ್ತವಿತ್ತು. ಬೀದಿಯ ಜನ ಸರ್ರನೆ ದಾರಿ ಬಿಟ್ಟರು.

"ಇದು ಯಾರ ರಕ್ತ?" ಎಂದ ಕಾನ್‌ಸ್ಟೇಬಲ್.

"ಹೆಸರು ಗೊತ್ತಿಲ್ಲ ಸಾರ್. ಹನ್ನೆರಡು ಗಂಟೆ ಅಪಾಯಿಂಟ್‌ಮೆಂಟು."

ಕಾನ್‌ಸ್ಟೇಬಲ್ ಮಹಡಿ ಹತ್ತಿ ಪರದೆ ಸರಿಸಿದ. ಜಾಡಿ ಬುಸ್ ಎಂದಿತು. ಬೆರಳದ್ದಿ ನೆಕ್ಕಿದ. ಆಮೇಲೆ ಲೋಟ ಕೇಳಿದ.

"ಪರೀಕ್ಷೆ ಮಾಡ್ಬೇಕಲ್ಲ."

ಮೇಷ್ಟ್ರೂ ಪರೀಕ್ಷಿಸಿದರು. ಟೈಲರಮ್ಮ ಸುಧಾರಿಸಿಕೊಳ್ಳಲು ಎರಡು ಲೋಟ ಬೇಕಾದವು. ಜಾಡಿಯ ತಳ ಕಂಡಿತು. ಕಾಂಪೌಂಡರ್ ತಲೆ ಕೆಡಿಸಿಕೊಳ್ಳಲಿಲ್ಲ. ವೈನ್ ಹೋದರೆ ಹೋಗಲಿ, ಕೋಣೆಯಾದರೂ ಖಾಲಿಯಿದೆಯಲ್ಲ.

ಆಗ ಗೇಟಿನ ಬಳಿ ಟ್ಯಾಕ್ಸಿ ನಿಂತಿತು. ಷಡ್ಡಕ ಪೆಟ್ಟಿಗೆ ಸಮೇತ ಇಳಿದ.

"ಬಸ್ಸಲ್ಲಿ ನಿದ್ದೆ ಹತ್ತಿತ್ತು. ಎದ್ದು ನೋಡಿದ್ರೆ ಮೇಷ್ಟ್ರದು ಮೂವತ್ತೆಂಟು ಮಿಸ್ಡ್ ಕಾಲ್. ವಿಷಯ ಕೇಳಿ ಅರ್ಧ ದಾರೀಲೇ ಇಳಿದುಬಿಟ್ಟೆ."

"ಈಗ ಎಲ್ಲಾ ಸರಿಹೋಯ್ತು," ಎಂದ ಕಾಂಪೌಂಡರ್. "ಸಂಜೆ ಇನ್ನೊಂದು ಬಸ್ಸಿದೆ."

ಷಡ್ಡಕ ಅವನ ಹೆಗಲು ಹಿಡಿದ. ಕಣ್ಣು ಒದ್ದೆಯಾಗಿತ್ತು. "ನಾನು ಅರ್ಧ ದಿನ ಇಲ್ಲದಿದ್ದಕ್ಕೇ ನಿಮಗೆ ಕೊಲೆಗಾರ ಅಂತ ಹೆಸರು ಬಂತು. ಇನ್ನು ನಿಮ್ಮನ್ನ ಬಿಟ್ಟು ಹೇಗೆ ಹೋಗ್ಲಿ?"

ಕಾನ್‌ಸ್ಟೇಬಲ್ ಬಾಯೊರೆಸಿಕೊಂಡು ತಲೆಯಾಡಿಸಿದ. "ಸರಿಯಾಗಿ ಹೇಳಿದ್ರಿ." ಆಮೇಲೆ ಕಾಂಪೌಂಡರ್ ಕಡೆ ತಿರುಗಿದ. "ಇವರು ದಿನಾ ಕಣ್ಣಿಗೆ ಬೀಳ್ತಿರಲಿ. ಕಾಣ್ಲಿಲ್ಲ ಅಂದ್ರೆ ಮೊದಲು ನಿಮ್ಮನ್ನೇ ಕೇಳೋದು."

ಎಲ್ಲರೂ ನೋಡುತ್ತಿದ್ದಂತೆ ಕಾಂಪೌಂಡರ್ ತಾನೇ ಪೆಟ್ಟಿಗೆ ಎತ್ತಿಕೊಂಡು ಮಹಡಿ ಹತ್ತಿದ.