ಅತ್ತಿಗೆಯ ಸ್ಮಾರ್ಟ್ ಕ್ಲಾಸು

ನಮ್ಮ ಅತ್ತಿಗೆ ಮೊಬೈಲನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸಿದ್ದಾರೆ ಎಂದರೆ ನೀವು ನಂಬಲೇಬೇಕು. ಪಾಠದ ನಡುವೆ ಕಿರುಚಿದ ತಪ್ಪಿಗೆ ಅದು ಬೆಲ್ಲು ಹೊಡೆಯುವವರೆಗೂ ವರಾಂಡದ ಕಿಟಕಿಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು! ಫೋನು ಮಾಡಿದವನು ನಾನು. ಸಂಜೆ ನನಗೂ ಮಂಗಳಾರತಿ ಆಯಿತು ಬಿಡಿ.

ಅತ್ತಿಗೆ ಹಾರನಹಳ್ಳಿಯ ಶಾಲೆಯಲ್ಲಿ ಕನ್ನಡ ಟೀಚರು; ಅರಸೀಕೆರೆಯಿಂದ ದಿನಾ ಬಸ್ಸು. ಮುಖ ತೋರಿಸಿ ಹಾಜರಿ ಹಾಕುವ ಆ್ಯಪು ಬಂದಾಗ ಅದಕ್ಕೆ ಇವರ ಗುರುತೇ ಹತ್ತಲಿಲ್ಲ. ಕನ್ನಡಕ ತೆಗೆದರೆ ಅದಕ್ಕೆ ಇವರು ಕಾಣುತ್ತಾರೆ, ಇವರಿಗೆ ಅದು ಕಾಣುವುದಿಲ್ಲ!

"ಇಷ್ಟು ವರ್ಷ ಸಂಸಾರ ಮಾಡಿ ನಿಮ್ಮಣ್ಣನೇ ನನ್ನ ಮುಖ ಸರಿಯಾಗಿ ನೋಡಿಲ್ಲ ಕಣೋ, ಇದೇನು ನೋಡೀತು?" ಎಂದರು. ಅಣ್ಣ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದ.

ಸ್ಮಾರ್ಟ್ ಬೋರ್ಡು ಬಂದ ದಿನ ಇನ್ನೂ ಚೆಂದ. ಅತ್ತಿಗೆ ಸೀದಾ ಹೋಗಿ ಸೀಮೆಸುಣ್ಣದಲ್ಲಿ ಅದರ ಮೇಲೆ 'ಸಂಧಿಗಳು' ಎಂದು ಬರೆದೇಬಿಟ್ಟರು! ಹೆಡ್‌ಮಾಸ್ಟರು ಓಡಿಬಂದು, "ಅಯ್ಯೋ ಮೇಡಂ, ಬೆರಳಲ್ಲಿ ಬರೀಬೇಕು ಕಣ್ರೀ!" ಎಂದರು.

"ಬೆರಳಲ್ಲಿ ಬರೆಯೋದು ಅಕ್ಷರಾಭ್ಯಾಸಕ್ಕೆ ಸಾರ್. ಇವರು ಎಂಟನೇ ಕ್ಲಾಸು. ತಟ್ಟೇಲಿ ಅಕ್ಕಿನೂ ತಂದಿದ್ದೀರಾ?"

ಆಮೇಲೆ ಶುರುವಾಯಿತು ನೋಡಿ ಎಐ ಕಾಟ. 'ನಮ್ಮ ಅಜ್ಜಿ' ಎಂಬ ಪ್ರಬಂಧ ಬರೆದು ತನ್ನಿ ಎಂದರೆ, ಮಕ್ಕಳು ಮೊಬೈಲಿನಿಂದ ಬರೆಸಿ ತಂದರು. ಊರಿನ ಅಜ್ಜಿಯರೆಲ್ಲ ಸಾಲಾಗಿ 'ಸಂಜೆ ಉದ್ಯಾನವನದಲ್ಲಿ ವಾಯುವಿಹಾರ' ಹೊರಟಿದ್ದರು!

"ಏನ್ಲಾ, ನಿಮ್ಮಜ್ಜಿ ನೆನ್ನೆ ಕಾಯಿ ಸುಲೀತಾ ನನ್ನನ್ನೇ ಬೈತಿದ್ಲು. ಉದ್ಯಾನಕ್ಕೆ ಯಾವಾಗ ಹೋದ್ಲೋ?"

"ಗೊತ್ತಿಲ್ಲ ಮಿಸ್. ಮೊಬೈಲಲ್ಲಿ ಹಂಗೇ ಐತೆ!"

ಒಬ್ಬಳು ಮಾತ್ರ ತನ್ನ ಅಜ್ಜಿಯ ಬಗ್ಗೆ ತಾನೇ ಬರೆದಿದ್ದಳು. ಕೊನೆ ಬೆಂಚಿನ ಹುಡುಗಿ, ಮಾತಾಡಿದರೆ ಉಗ್ಗು. ಓದು ಎಂದರೆ ಏಳಳು, ಎದ್ದರೆ ಉಳಿದವರಿಗೆ ನಗು. ಅತ್ತಿಗೆ ಅವಳನ್ನು ಪಕ್ಕಕ್ಕೆ ಕರೆದು, "ಮನೇಲಿ ಒಬ್ಬಳೇ ಕೂತು ಓದಿ, ಅಮ್ಮನ ಫೋನಿಂದ ಕಳಿಸೇ. ಕ್ಲಾಸಲ್ಲಿ ಕೇಳಿಸ್ಲಾ?" ಎಂದರಂತೆ. ಅವಳು ಹೂಂ ಎಂದು ತಲೆಯಾಡಿಸಿದಳು. ಧ್ವನಿ ಸಂದೇಶ ತೆರೆಯುವುದು ಹೇಗೆಂದು ಅತ್ತಿಗೆ ಅಂದು ಸಂಜೆ ನನ್ನ ಪಕ್ಕ ಕೂತು, ಒಂದೂ ಕೊಂಕಿಲ್ಲದೆ ಕಲಿತರು. ಮಾರನೆಯ ದಿನ ಸ್ಪೀಕರು ಜೋಡಿಸಲು ನನ್ನನ್ನೂ ಎಳೆದೊಯ್ದರು.

ದನಿ ಬಂತು. ಅಲ್ಲಲ್ಲಿ ಉಗ್ಗು, ಹಿಂದೆಲ್ಲೋ ಕೋಳಿ. ಒಂದಿಬ್ಬರು ಕಿಸಕ್ಕೆಂದರು. ಕಣ್ಣು ಮಂಜಾದ ಮೇಲೆ ಅಜ್ಜಿ ಮೊಮ್ಮಗಳ ತಲೆ ಸವರಿಯೇ ಜಡೆ ಹಾಕುತ್ತಾಳೆ ಎಂಬಲ್ಲಿಗೆ ಬಂದಾಗ ಅವರೂ ಸುಮ್ಮನಾದರು. ನಾನು ಕೊನೆ ಬೆಂಚಿನತ್ತ ನೋಡಿದೆ. ಹುಡುಗಿ ತಲೆ ತಗ್ಗಿಸಿಕೊಂಡೇ ದನಿಯ ಜೊತೆಗೆ ತುಟಿಯಾಡಿಸುತ್ತಿದ್ದಳು. ಮೊದಲು ಬರೀ ತುಟಿ, ಆಮೇಲೆ ಸಣ್ಣಗೆ ದನಿಯೂ.

ಅತ್ತಿಗೆ ಯಾರಿಗೂ ಕಾಣದಂತೆ ಸ್ಪೀಕರಿನ ವಾಲ್ಯೂಮಿನ ತಿರುಪು ತಿರುಗಿಸತೊಡಗಿದರು. ನಿಧಾನಕ್ಕೆ, ಕಡಿಮೆ, ಇನ್ನೂ ಕಡಿಮೆ. ಸ್ಪೀಕರು ಪೂರ್ತಿ ಬಾಯಿ ಮುಚ್ಚಿತು. ಓದು ನಿಲ್ಲಲಿಲ್ಲ.

ನಡುವೆ ಒಂದು ಪದ ಅವಳ ಬಾಯಲ್ಲೇ ಸಿಕ್ಕಿಕೊಂಡಿತು. ಅತ್ತಿಗೆ ಅದನ್ನು ಹೇಳಿಕೊಡಲಿಲ್ಲ. ಕೈಕಟ್ಟಿ ನಿಂತರು. ಕ್ಲಾಸಿಗೆ ಕ್ಲಾಸೇ ಕಾಯಿತು.

ಪದ ಬಂತು.