ಒಂಬತ್ತು ಮನೆ, ಒಂಬತ್ತು ಕಾರ್ಡು

ದಿನಕ್ಕೆ ಎಂಟು ಕಿಲೋಮೀಟರ್ ಸೈಕಲ್ ತುಳಿದರೂ ಶುಗರ್ ಇಳಿಯುವುದಿಲ್ಲವೆಂದರೆ ತಪ್ಪು ಮೆಷಿನ್ನಿನದೇ ಎಂದು ಬೆಟ್ಟಸ್ವಾಮಿ ತೀರ್ಮಾನಿಸಿದ್ದರು. ತುಮಕೂರಿನ ಡಾಕ್ಟರು ಒಪ್ಪಲಿಲ್ಲ. "ಇನ್ನು ಮೂರು ತಿಂಗಳು ನೋಡ್ತೀನಿ. ಇಳೀಲಿಲ್ಲ ಅಂದ್ರೆ ದಿನಾ ಇನ್ಸುಲಿನ್ ಚುಚ್ಕೋಬೇಕು," ಎಂದುಬಿಟ್ಟರು. ಬೆಟ್ಟಸ್ವಾಮಿಗೆ ಅಲ್ಲೇ ಬೆವರು ಕಿತ್ತುಕೊಂಡಿತು. (ಗುಬ್ಬಿಯ ಯಾವ ನಾಯಿಗೂ ಹೆದರದ ಈ ನಿವೃತ್ತ ಪೋಸ್ಟ್‌ಮ್ಯಾನ್, ನಾಯಿ ಕಚ್ಚಿದಾಗ ಸೂಜಿಗೆ ಹೆದರಿ ಅಟ್ಟ ಹತ್ತಿ ಕೂತಿದ್ದುಂಟು.)

"ಅಲ್ಲಾ ರೀ, ದಿನಾ ಸೈಕಲ್ ಎಲ್ಲಿ ತುಳೀತೀರ?" ಬಸ್ಸಿನಲ್ಲಿ ಹೆಂಡತಿ ಸುಬ್ಬಲಕ್ಷ್ಮಮ್ಮ ವಿಚಾರಣೆ ಶುರುಮಾಡಿದರು.

"ರೋಡಲ್ಲಿ ಕಣೇ, ಇನ್ನೆಲ್ಲಿ!"

ಸುಳ್ಳೇನಲ್ಲ. ಆದರೆ ಮೂವತ್ತು ವರ್ಷ ಕಾಗದ ಹಂಚಿದ ಸೈಕಲ್ಲು, ಹಳೆಯ ಮನೆಗಳು ಬಂದರೆ ತಾನಾಗಿಯೇ ನಿಲ್ಲುತ್ತಿತ್ತು. ಬೆಲ್ ಕೇಳಿದರೆ ಸಾಕು, ಈಗಲೂ ಯಾರಾದರೊಬ್ಬರು ಬಾಗಿಲಿಗೆ ಬರುತ್ತಿದ್ದರು. ಕೊಡಲು ಕಾಗದವಿಲ್ಲ, ಆದರೂ ಬರಿಗೈಯಲ್ಲಿ ಕಳಿಸುವ ಜನ ಅವರಲ್ಲ.

"ನಮ್ಮಣ್ಣನ ಕೆಲ್ಸದ ಆರ್ಡರ್ ತಂದ ಕೈ ಕಣಣ್ಣ ಇದು. ಸಪ್ಪೆ ಕಾಫಿ ಕೊಡಕ್ಕಾಯ್ತದಾ?" ಎಂದು ಮೊದಲನೆಯ ಮನೆಯ ಗಂಗಲಕ್ಷ್ಮಮ್ಮ ಒಂದು ಚಮಚ ಸಕ್ಕರೆ ಜಾಸ್ತಿಯೇ ಹಾಕುತ್ತಿದ್ದಳು. ಹೀಗೆ ಒಂಬತ್ತು ಮನೆ, ಒಂಬತ್ತು ಲೋಟ. ಬೇಡವೆನ್ನಲು ಬೆಟ್ಟಸ್ವಾಮಿಗೆ ಬಾಯೇ ಬರುತ್ತಿರಲಿಲ್ಲ. ತನ್ನ ದಾರಿ ಕಾಯುವವರು ಇನ್ನೂ ಇದ್ದಾರಲ್ಲ ಎಂದು ಲೋಟ ಬರಿದು ಮಾಡಿಯೇ ಸೈಕಲ್ ಹತ್ತುತ್ತಿದ್ದರು.

ಆ ವಾರ ಸಂತೆಯಲ್ಲಿ ಸುಬ್ಬಲಕ್ಷ್ಮಮ್ಮನಿಗೆ ಗಂಗಲಕ್ಷ್ಮಮ್ಮ ಸಿಕ್ಕಳು, ಒಂಬತ್ತು ಮನೆಯ ಕಾಫಿಯ ಕಥೆ ಹೊರಬಿತ್ತು. ಮನೆಗೆ ಬಂದ ಸುಬ್ಬಲಕ್ಷ್ಮಮ್ಮ ಜಗಳವಾಡಲಿಲ್ಲ. ಬೆಟ್ಟಸ್ವಾಮಿ ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ನಾಲ್ಕು ದಿನ ಕಳೆದು ಗಂಗಲಕ್ಷ್ಮಮ್ಮನ ಮನೆಯಲ್ಲಿ ಲೋಟ ಬಂತು. ಒಳಗಿದ್ದದ್ದು ಹಸಿರು.

"ಹಾಗಲಕಾಯಿ ರಸ. ಕುಡೀರಣ್ಣ."

ಬೆಟ್ಟಸ್ವಾಮಿಯ ಕಣ್ಣು ಕಿಟಕಿಯ ಮೇಲಿತ್ತು. ಪೋಸ್ಟ್ ಕಾರ್ಡು! ಅದನ್ನು ಕಂಡು ಎಷ್ಟು ವರ್ಷವಾಗಿತ್ತು! ಕೈ ಹಳೆಯ ಚಾಳಿಯಂತೆ ಅದನ್ನೆತ್ತಿಕೊಂಡಿತು. ಅದೇ ದುಂಡನೆಯ ಅಕ್ಷರ. ಹೊಸದಾಗಿ ಮದುವೆಯಾದಾಗ ಹೆಬ್ಬೂರಿನ ತವರಿನಿಂದ ವಾರಕ್ಕೊಂದು ಬರುತ್ತಿತ್ತು. ಸೀಲಿನ ಮಸಿ ಆರುವ ಮೊದಲೇ ಓದಿ ಮುಗಿಸುತ್ತಿದ್ದರು.

'ನಮ್ಮ ಯಜಮಾನರಿಗೆ ಶುಗರ್ ಇದೆ. ಕಾಫಿ ಬದಲು ಹಾಗಲಕಾಯಿ ರಸ ಕೊಡಿ. ಮುಖ ಕಿವುಚಿದರೂ ಬಿಡಬೇಡಿ. ಇಂತಿ, ಸುಬ್ಬಲಕ್ಷ್ಮಿ.'

ಮುಂದಿನ ಎಂಟು ಮನೆಗಳಲ್ಲೂ ಅದೇ ಕಾರ್ಡು, ಅದೇ ಹಸಿರು ಲೋಟ.

ಕಾಫಿ ತಪ್ಪಿದ್ದಕ್ಕೋ ಏನೋ, ಮೂರು ತಿಂಗಳಿಗೆ ಶುಗರ್ ಇಳಿಯಿತು, ಸೂಜಿ ತಪ್ಪಿತು. ಆದರೂ ಬೆಟ್ಟಸ್ವಾಮಿಯ ಮುನಿಸು ಹೋಗಿರಲಿಲ್ಲ.

"ಊರೋರಿಗೆಲ್ಲ ಕಾರ್ಡ್ ಹಾಕ್ದೆ. ನಂಗೊಂದು ಹಾಕ್ಬಾರ್ದಿತ್ತೇನೇ?"

"ಊರೋರ ಕಾರ್ಡ್ ಓದ್ದೇ ಬಿಡೋರಾ ನೀವು? ಒಂಬತ್ತೂ ನಿಮಗೇ ಬರ್ದಿದ್ದು ಕಣ್ರೀ," ಎಂದು ಸುಬ್ಬಲಕ್ಷ್ಮಮ್ಮ ಹತ್ತನೆಯ ಹಸಿರು ಲೋಟವನ್ನು ಮುಂದಿಟ್ಟರು.