ಹನ್ನೊಂದನೇ ಮೆಟ್ಟಿಲಿನ ಕಾಯಿದೆ

"ಈ ಶುಕ್ರವಾರ ಒಬ್ಬ ಮಗಾನೂ ವಿಡಿಯೋ ನೋಡಾಕ ಹೋಗಂಗಿಲ್ಲ! ಹೋದ್ರ ನನ್ನ ಹೆಸರ ಹಾಲಸಿದ್ದ ಅಲ್ಲ!"

ಇಚಲಕರಂಜಿಯ ಚಾಳಿನ ಬಾಗಿಲಲ್ಲಿ ನಿಂತು, ಬೇವಿನ ಕಡ್ಡಿಯನ್ನು ಕತ್ತಿಯಂತೆ ಝಳಪಿಸುತ್ತ ಹಾಲಸಿದ್ದ ಈ ಘೋರ ಪ್ರತಿಜ್ಞೆ ಮಾಡಿದ. ಪುರಾಣದ ಕಾಲವಾಗಿದ್ದರೆ ದೇವತೆಗಳು ಹೂಮಳೆ ಸುರಿಸುತ್ತಿದ್ದರು. ಇಲ್ಲಿ ಹಾರಿದ್ದು ಹೆಂಡತಿ ದುಂಡವ್ವನ ಕೈಯ ಜೋಳದ ಹಿಟ್ಟು ಮಾತ್ರ!

"ಹೆಸರ ಬದಲಿ ಮಾಡೂದಿದ್ರ ರೇಶನ್ ಕಾರ್ಡಿನ್ಯಾಗೂ ಮಾಡಸ್ರಿ ಮತ್ತ," ಎಂದಳು ಆಕೆ ರೊಟ್ಟಿ ತಟ್ಟುತ್ತಲೇ. "ಇಲ್ಲಂದ್ರ ಸಕ್ಕರಿ ಸಿಗಂಗಿಲ್ಲ."

ದತ್ತವಾಡದಿಂದ ಬಂದ ಹಾಲಸಿದ್ದ ವಾರವಿಡೀ ಪವರ್‌ಲೂಮ್ ಶೆಡ್ಡಿನಲ್ಲಿ ನಾಲ್ಕು ಮಗ್ಗಗಳ ದಾಸ. ಆದರೆ ಸುಟ್ಟಿಯ, ಅಂದರೆ ರಜೆಯ, ಶುಕ್ರವಾರ ಬಂತೆಂದರೆ ಸಾಕ್ಷಾತ್ ಬ್ರಹ್ಮ! ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಾಡು, ಕೋಟೆ, ನದಿ ಬರೆಯುತ್ತಿದ್ದ. ಸುತ್ತ ಕೂತವರಿಗೆ ಒಬ್ಬೊಬ್ಬ ವೀರನನ್ನು ಹಂಚಿ, ತಾನು ರಾಕ್ಷಸನಾಗಿ ಗುಡುಗುತ್ತಿದ್ದ. ಕತ್ತಿ ತಾಗಿತೋ ತಪ್ಪಿತೋ ಎನ್ನುವುದನ್ನು ಆರು ಕವಡೆಗಳು ತೀರ್ಮಾನಿಸುತ್ತಿದ್ದವು. ಒಬ್ಬ ರಾಕ್ಷಸ ಸತ್ತರೆ ವೀರ ಒಂದು ಮೆಟ್ಟಿಲು ಮೇಲೆ! ಮೆಟ್ಟಿಲಿಗೊಂದು ಹೊಸ ಬಲ! ಶೆಡ್ಡಿನಲ್ಲಿ ಹೊಸ ನೇಕಾರನಿಗೆ ಮೊದಲು ಒಂದು ಮಗ್ಗ, ಆಮೇಲೆ ಎರಡು, ಕೊನೆಗೆ ನಾಲ್ಕು ಕೊಡುತ್ತಾರಲ್ಲ, ಅದನ್ನು ನೋಡಿಯೇ ಅವನಿಗೆ ಈ ಉಪಾಯ ಹೊಳೆದದ್ದು.

ತೊಂದರೆ ಏನಾಯಿತೆಂದರೆ, ಏರಿ ಏರಿ ಎಲ್ಲರೂ ಹತ್ತನೇ ಮೆಟ್ಟಿಲು ತಲುಪಿಬಿಟ್ಟರು. ಸುಳಕೂಡ ಊರಿನ ನೇಕಾರ ಗುಂಡುವಿನ ವೀರ ಸೀನಿದರೆ ಗುಡ್ಡ ಉರುಳುತ್ತಿತ್ತು. ಪಕ್ಕದ ಮನೆಯ ಮಲಕವ್ವನ ರಾಣಿ ಸಮುದ್ರ ಬತ್ತಿಸಿ ಅಲ್ಲಿ ಸೀರೆ ಒಣಹಾಕುತ್ತಿದ್ದಳು. ಕಳೆದ ವಾರ ಬಂದ ಏಳು ತಲೆಯ ರಾಕ್ಷಸ ಪಾಪ, ಮೂರು ತಲೆಗಳ ಹೆಸರು ಹೇಳುವಷ್ಟರಲ್ಲೇ ಹೆಣವಾದ!

"ಮಾಮಾ, ನಿನ್ನ ರಾಕ್ಷಸರಾಗ ದಮ್ಮ ಇಲ್ಲ ಬಿಡು," ಎಂದಿದ್ದ ಗುಂಡು. "ಬರೂ ಶುಕ್ರವಾರ ಆ ತುದಿ ಮನಿ ಜಿನಗೊಂಡ ಬಾಡಿಗಿ ವಿಡಿಯೋ ತರಸಿ ಸಿನಿಮಾ ಹಚ್ಚತಾನ. ನಾವು ಅಲ್ಲೇ ಹೋಗತೇವಿ."

ಆರು ದಿನ ಮಗ್ಗ ಮಾತಾಡುತ್ತಿತ್ತು, ಹಾಲಸಿದ್ದ ಕೇಳುತ್ತಿದ್ದ. ಸುಟ್ಟಿಯ ದಿನ ಮಾತ್ರ ಅವನು ಮಾತಾಡುತ್ತಿದ್ದ, ಜಗತ್ತು ಕೇಳುತ್ತಿತ್ತು. ಆ ಜಗತ್ತೇ ಈಗ ವಿಡಿಯೋ ನೋಡಲು ಹೊರಟಿತ್ತು!

ಹಾಗಾದರೆ ಹತ್ತರ ಮೇಲೆ ಏನು? ಹನ್ನೊಂದಕ್ಕೆ ಕತ್ತಿ ಎರಡರಷ್ಟು, ಹನ್ನೆರಡಕ್ಕೆ ನಾಲ್ಕರಷ್ಟು ಅಂದರೆ ರಾಕ್ಷಸನೂ ಬೆಳೆಯಬೇಕು. ಅಷ್ಟು ದೊಡ್ಡವನು ಒಂದೇ ಖೋಲಿಯ ಮನೆಯಲ್ಲಿ ಹಿಡಿಸುವುದೆಲ್ಲಿ? ಮಗ್ಗದ ಮುಂದೆ ನಿಂತು ಹೀಗೆ ಬ್ರಹ್ಮಾಂಡ ಚಿಂತಿಸುತ್ತಿರುವಾಗ ಎಳೆಗಳು ಪಟಪಟನೆ ಹರಿದು, ಧೋತರದ ಬಟ್ಟೆ ಸೊಳ್ಳೆಪರದೆಯಾಗಿ ಹೊರಬರತೊಡಗಿತು!

"ಕಾಯ್ ರೇ! ಲಕ್ಷ ಕುಠೇ ಆಹೇ?" ನೇಕಾರರ ಮೇಲ್ವಿಚಾರಕ, ಮುಕಾದಮ ಆಬಾಸಾಹೇಬ ಮರಾಠಿಯಲ್ಲಿ ಕಿವಿಯಲ್ಲೇ ಗರ್ಜಿಸಿದ. "ಲಕ್ಷ್ಯ ಎಲ್ಲೈತೋ? ನಾನೂ ನಾಕ ಮಗ್ಗ ನಡಿಸಿದಾಂವನ! ಮುಕಾದಮ ಆದಮ್ಯಾಲ ಒಂದ ಎಳೀನೂ ಮುಟ್ಟಿಲ್ಲ. ನಿಮ್ಮಂಥವರನ್ನ ಸಂಭಾಳಸೂದರಾಗ ಇದ್ದ ಕೂದಲಾನೂ ಹೋದೂ! ನೋಡಿಲ್ಲೆ!"

ಟೋಪಿ ತೆಗೆದು ತೋರಿಸಿಯೇಬಿಟ್ಟ. ಆ ಬೋಳುತಲೆಯಲ್ಲಿ ಹಾಲಸಿದ್ದನಿಗೆ ಜ್ಞಾನಸೂರ್ಯ ಉದಯಿಸಿದ!

"ಸಿಕ್ತು ಸಾಹೇಬ್ರ, ಸಿಕ್ತು!"

"ಎಳಿ ಸಿಕ್ತೇನು?"

"ಕಾಯಿದೆ ಸಿಕ್ತು!"

ಶುಕ್ರವಾರ ಮಧ್ಯಾಹ್ನ ಗುಂಡು, ಮಲಕವ್ವ ಬಂದರು. ವಿಡಿಯೋ ಶುರುವಾಗುವ ತನಕ ಚಹಾ ಆದೀತೆಂದು, ಅಷ್ಟೇ. ಹಾಲಸಿದ್ದ ಎದ್ದು ನಿಂತು ಘೋಷಿಸಿದ:

"ಇವತ್ತಿಂದ ಹನ್ನೊಂದನೇ ಮೆಟ್ಟಲಾ! ಏರಿದಾವರು ಮುಕಾದಮ ಆದಂಗ, ಕತ್ತಿ ಮುಟ್ಟಂಗಿಲ್ಲ. ನೂರು ಮಂದಿ ಬಂಟರು ಸಿಗತಾರ. ಅವರ ಊಟ, ಜಗಳ, ಸುಟ್ಟಿ ಎಲ್ಲಾ ನಿಮ್ಮ ಕೊರಳಿಗೆ! ಹತ್ತರ ಮ್ಯಾಲಿನವರು ಯಾರ ಇರಲಿ, ಇದ ಕಾಯಿದೆ. ದೇವರಿಗೂ ಬಿಟ್ಟಿದ್ದಲ್ಲ!"

ಗುಂಡು ಹುರುಪಿನಿಂದ ಕವಡೆ ಎಸೆದ. ಬಂಟರು ತಂಗಿಯ ಮದುವೆಗೆ ಸುಟ್ಟಿ ಕೇಳಿದರು. ದೊಡ್ಡ ಮನಸ್ಸಿನ ಗುಂಡು ನೂರೂ ಜನರಿಗೆ ಕೊಟ್ಟ! ಖಾಲಿ ಕೋಟೆಯಿಂದ ರಾಕ್ಷಸರಾಜ ಅವನ ವೀರನನ್ನು ಬಾಳೆಹಣ್ಣಿನಂತೆ ಎತ್ತಿ ನುಂಗಿದ. ಮಲಕವ್ವ ಜಗಳವಾಡಿದ ಬಂಟನ ಕಪಾಳಕ್ಕೆ ಬಾರಿಸಿದಳು. ಉಳಿದವರೆಲ್ಲ ಕೆಲಸ ಬಿಟ್ಟು ನಡೆದರು!

"ಹ್ಹ ಹ್ಹ ಹ್ಹಾ!" ಹಾಲಸಿದ್ದನ ನಗೆಗೆ ಚಾಳಿನ ತಗಡು ನಡುಗಿತು. ವಿಡಿಯೋದ ಹೊತ್ತು ಮೀರಿತ್ತು. ಯಾರೂ ಏಳಲಿಲ್ಲ.

ಆಗ ಒಲೆಯ ಕಡೆಯಿಂದ ದುಂಡವ್ವನ ದನಿ ಬಂತು. "ನಾನೂ ಕವಡಿ ಒಗೀತೇನಿ, ನಂದೊಂದ ಡಾವ ಆಗಲಿ."

"ನೀ ಒಂದ ಮೆಟ್ಟಲಾನೂ ಏರಿಲ್ಲಲ್ಲ!" ಎಂದ ಹಾಲಸಿದ್ದ.

"ಗುಂಡೂನ ವೀರ ಸತ್ತಾನಲ್ರಿ. ಶೆಡ್ಡಿನ್ಯಾಗ ಆಳು ಬರದಿದ್ರ ಬದಲಿ ನಿಲ್ಲಸತೀರಿಲ್ಲ? ನಾ ಬದಲಿ."

"ಹುಚ್ಚೀ, ನೂರು ಮಂದೀನ್ನ ಸಂಭಾಳಸೂದಂದ್ರ ಏನಂತ ಗೊತ್ತೈತೇನ ನಿನಗ?"

ಈ ಮಾತನ್ನು ಅವನು ಹೇಳಿದ್ದು ಯಾರಿಗೆ? ದಿನಾ ಎರಡು ಪಾಳಿಯ ನೇಕಾರರಿಗೆ ಅದೇ ಖೋಲಿಯಲ್ಲಿ ಖಾನಾವಳಿ ನಡೆಸುವ ದುಂಡವ್ವನಿಗೆ! ಅದೇ ಖಾನಾವಳಿಯಲ್ಲಿ ಉಣ್ಣುವ ಗುಂಡು ಬಾಯಿ ಮುಚ್ಚಿಕೊಂಡು ನಕ್ಕ.

"ಬಂಟರು ಹಸದಾರ!" ಗುಡುಗಿದ ಹಾಲಸಿದ್ದ.

"ಅರ್ಧಾ ಮಂದಿ ಉಣಲಿ, ಅರ್ಧಾ ಮಂದಿ ಕ್ವಾಟಿ ಕಾಯಲಿ. ಆಮ್ಯಾಲ ಪಾಳಿ ಬದಲಿ."

"ಜಗಳಾ ತಗದಾರ!"

"ಜಗಳಾಡಿದವ್ರು ಕಡೀ ಪಂಕ್ತಿಗೆ."

"ಸುಟ್ಟಿ ಕೇಳಾಕತ್ತಾರ!"

"ಹತ್ತು ಮಂದಿ ಹೋಗಿ ಬರಲಿ, ಆಮ್ಯಾಲ ಹತ್ತು ಮಂದಿ. ಬರೂ ಮುಂದ ಊರಿಂದ ಜ್ವಾಳಾ ತರಬೇಕು."

ಬ್ರಹ್ಮನಿಗೆ ಬೆವರು ಬಂತು! "ಸಾವಿರ ಸೈನ್ಯಾ ತಗೊಂಡು ರಾಕ್ಷಸರಾಜ ಬಂದಾನ!"

"ಎಷ್ಟನೇ ಮೆಟ್ಟಲದಾಂವರಿ?"

"ಇಪ್ಪತ್ತನೇದು!"

"ಅಂದ್ರ ಹತ್ತರ ಮ್ಯಾಲಿನಾಂವ. ಮತ್ತ ಅವನ ಮಂದಿಗೆ ಅಡಗಿ ಯಾರ ಮಾಡ್ಯಾರ?"

ಹಾಲಸಿದ್ದ ನೆಲದ ಮೇಲಿನ ಸೀಮೆಸುಣ್ಣದ ಲೋಕವನ್ನೆಲ್ಲ ತಡಕಾಡಿದ. ವಿಷದ ನದಿ ಹರಿಸಿದ್ದ, ಬೆಂಕಿಯ ಬೆಟ್ಟ ನಿಲ್ಲಿಸಿದ್ದ. ಇಡೀ ರಾಕ್ಷಸಲೋಕದಲ್ಲಿ ಒಂದು ಒಲೆ ಹೂಡಿರಲಿಲ್ಲ!

"ಅವರು... ಅವರು ಮನಶಾರನ್ನ ತಿಂತಾರ!"

"ಸಾವಿರ ಮಂದಿ, ಎರಡ ಹೊತ್ತಿನ ಊಟ. ಈಟೊತ್ತಿಗೆ ಸುತ್ತಿನ ಹಳ್ಳಿ ಎಲ್ಲಾ ಖಾಲಿ ಆಗಿರಬೇಕಲ್ರಿ. ಇವತ್ತ ಏನ ತಿಂದಾರ?"

"ಉಪಾಸ ಅದಾರ ಮಾಮಾ, ಒಪ್ಪಿಕೋ!" ಗುಂಡು ನೆಲ ಬಡಿದ.

ದುಂಡವ್ವ ಕವಡೆ ಎಸೆದಳು. ಆರೂ ಅಂಗಾತ! "ಕ್ವಾಟಿ ಅಗಸಿ ಬಾಗಲಾ ತಗಸೇನಿ. ಝುಣಕಾ, ಬಿಸಿ ರೊಟ್ಟಿ, ಉಳ್ಳಾಗಡ್ಡಿ. ಬರ್ರೆಪಾ, ಕುಂಡ್ರರಿ."

ಸಾವಿರ ರಾಕ್ಷಸರು ಗದೆ ಕೆಳಗಿಟ್ಟು ಸಾಲಾಗಿ ಕೂತುಬಿಟ್ಟರು!

"ಅಕ್ಕಾ, ರಾಜಂದು ಏನ ಮಾಡೂದು? ಒಬ್ಬನ ನಿಂತಾನ," ಕೇಳಿದಳು ಮಲಕವ್ವ.

"ಕೈ ತೊಳಕೊಂಡು ಬರಲಿ."

ನಗೆಯ ಅಬ್ಬರಕ್ಕೆ ಚಾಳಿನ ಮಂದಿಯೆಲ್ಲ ಬಾಗಿಲಲ್ಲಿ ಜಮಾಯಿಸಿದರು. ಕೊನೆಗೆ ಜಿನಗೊಂಡನೇ ಓಡಿಬಂದ. "ಏನ ನಡಸೀರೋ ಇಲ್ಲೆ? ವಿಡಿಯೋ ಮುಂದ ನಾ ಒಬ್ಬನ ಕುಂತೇನಿ!"

ಹಾಲಸಿದ್ದನ ಎದೆ ಉಬ್ಬಿತು. "ನೋಡ್ರಿ ನನ್ನ ಕಾಯಿದೆ! ಬರೂ ಶುಕ್ರವಾರ..."

"ಬರೂ ಶುಕ್ರವಾರ ಆಟಾ ಮಾಮೀನ ನಡಸಲಿ!" ಕೂಗಿದ ಗುಂಡು. ಎಲ್ಲರೂ ಕೈ ಎತ್ತಿದರು. ಆಟ ಏನೆಂದೇ ತಿಳಿಯದ ಜಿನಗೊಂಡ ಎರಡೂ ಕೈ ಎತ್ತಿದ!

"ಮತ್ತ... ನಾ?" ಹಾಲಸಿದ್ದನ ದನಿ ಎಳೆಯಷ್ಟು ಸಣ್ಣಗಾಗಿತ್ತು.

ದುಂಡವ್ವ ಕವಡೆಗಳನ್ನು ಸೆರಗಿಗೆ ಕಟ್ಟಿಕೊಂಡು, ಬುಟ್ಟಿಯನ್ನು ಅವನ ಮುಂದೆ ಸರಿಸಿದಳು.

"ನೀವು ಹೊಸಬ್ರು ಅದೀರಿ. ಒಂದನೇ ಮೆಟ್ಟಲದಿಂದ ಶುರು ಮಾಡ್ರಿ. ಉಳ್ಳಾಗಡ್ಡಿ ಹೆಚ್ಚ್ರಿ."